ಒಂದು ಮೊಳ ದೂರದ ಸ್ವಿಚ್ಚು

ಸ್ವಿಚ್ಚು ನನ್ನ ಬಲಭುಜದಿಂದ ಒಂದು ಮೊಳ ದೂರದಲ್ಲಿತ್ತು. ಎಲ್ಲ ಮುಗಿದ ಮೇಲೆ ಟೇಪು ಹಿಡಿದು ಅಳೆದೂ ನೋಡಿದ್ದೇನೆ. ಸ್ಟೂಲಿನ ಮೇಲೆ ಕೂತಲ್ಲಿಂದಲೇ ಕೈ ಚಾಚಿದರೆ ಸಿಗುತ್ತದೆ, ಏಳಬೇಕಾಗಿಯೂ ಇಲ್ಲ. ಆ ದಿನ ನಾನು ಕೈ ಚಾಚಲಿಲ್ಲ. ಕೂಗಿದೆ. ಕಿವಿ ಕೇಳಿಸದವರನ್ನು ಗಂಟಲು ಹರಿಯುವಂತೆ ಕೂಗಿ ಕರೆದೆ. ಅವರಿಗೆ ಕಿವಿ ಕೇಳಿಸುವುದಿಲ್ಲವೆಂದು ಆ ಶೆಡ್ಡಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಸುಂಕದಕಟ್ಟೆಯಲ್ಲಿ ಮಾಗಡಿ ರಸ್ತೆಯಿಂದ ಒಳಗೆ ಎರಡು ತಿರುವು ದಾಟಿದರೆ ನಮ್ಮ ಶೆಡ್ಡು. ಒಂದು ಪಕ್ಕದಲ್ಲಿ ಲೋಹಕ್ಕೆ ಪುಡಿಬಣ್ಣ ಹಾಕುವ ಪೌಡರ್ ಕೋಟಿಂಗಿನವರು, ಇನ್ನೊಂದು ಪಕ್ಕದಲ್ಲಿ ರಟ್ಟಿನ ಡಬ್ಬ ಮಾಡುವವರು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ ಮೇಲೆ, ಕುರುಬರಹಳ್ಳಿಯ ಮನೆಯಿಂದ ಸ್ಕೂಟರಿನಲ್ಲಿ ಹೋಗಿಬರುವಷ್ಟು ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ಸೇರಿದ್ದೆ. ಹೆಸರಿಗೆ ಕ್ವಾಲಿಟಿ ಇಂಜಿನಿಯರ್. ಮಾಡುತ್ತಿದ್ದ ಕೆಲಸ ಮಾತ್ರ, ಬೇರೆಯವರು ಬೆಸೆದದ್ದನ್ನು ಮುರಿದು ನೋಡುವುದು.

ನಾವು ಬೆಸೆಯುತ್ತಿದ್ದುದು ಅಲ್ಯೂಮಿನಿಯಂ ಮತ್ತು ತಾಮ್ರ. ಅಲ್ಯೂಮಿನಿಯಂ ಕೇಬಲನ್ನು ತಾಮ್ರದ ಪಟ್ಟಿಗೆ ನೇರವಾಗಿ ಬೋಲ್ಟು ಹಾಕಿ ಬಿಗಿದರೆ, ಗಾಳಿಯ ತೇವ ತಾಗಿ ಅವೆರಡೂ ಸೇರುವ ಕಡೆ ಸವೆಯುತ್ತಾ ಬಿಸಿಯಾಗುತ್ತಾ ಒಂದು ದಿನ ಸುಟ್ಟುಹೋಗುತ್ತದೆ. ಅದಕ್ಕೇ ಒಂದು ತುದಿ ಅಲ್ಯೂಮಿನಿಯಂ, ಇನ್ನೊಂದು ತುದಿ ತಾಮ್ರ ಇರುವ ಗಟ್ಟಿ ತುಂಡು ಬೇಕು. ಬೆಂಕಿಯಿಂದ ಅದನ್ನು ಮಾಡಲು ಹೋದರೆ ತಾಮ್ರ ಕರಗುವ ಹೊತ್ತಿಗೆ ಅಲ್ಯೂಮಿನಿಯಂ ನೀರಾಗಿ ಹರಿದಿರುತ್ತದೆ. ಹಾಗಾಗಿ ಕರಗಿಸುವುದಿಲ್ಲ, ಉಜ್ಜುತ್ತೇವೆ. ಅಲ್ಯೂಮಿನಿಯಂ ರಾಡು ಯಂತ್ರದಲ್ಲಿ ಗಿರ್ರನೆ ಸುತ್ತುತ್ತಿರುತ್ತದೆ. ತಾಮ್ರದ ತುಂಡು, ಅದನ್ನು ಕಚ್ಚಿ ಹಿಡಿಯುವ ಎದುರಿನ ಹಿಡಿಕೆಯಲ್ಲಿ ಅಲುಗದೆ ಕೂತು ಮುಂದೆ ಬಂದು ಅದನ್ನು ಒತ್ತುತ್ತದೆ. ಕೆಲವೇ ಕ್ಷಣಗಳಲ್ಲಿ ಅಲ್ಯೂಮಿನಿಯಂ ಮೆತ್ತಗಾಗಿ ಸುತ್ತಲೂ ಬಳೆಯ ಹಾಗೆ ಉಬ್ಬಿ ಬರುತ್ತದೆ. ಆಗ ಸುತ್ತುವುದನ್ನು ನಿಲ್ಲಿಸಿ ಇನ್ನೂ ಜೋರಾಗಿ ಒತ್ತಬೇಕು. ಬೇಗ ನಿಲ್ಲಿಸಿದರೆ ಅಂಟುವುದಿಲ್ಲ. ತಡ ಮಾಡಿದರೆ ಇನ್ನೂ ಕೆಟ್ಟದ್ದು: ಎರಡರ ನಡುವೆ ಗಾಜಿನಂಥ ಪೆಡಸು ಪದರವೊಂದು ಬೆಳೆದುಬಿಡುತ್ತದೆ. ನೋಡಲು ಲಕ್ಷಣವಾಗಿಯೇ ಇರುತ್ತದೆ, ಒಂದು ಪೆಟ್ಟಿಗೆ ಬಿಟ್ಟುಕೊಳ್ಳುತ್ತದೆ.

ಸಾಕು ಅನ್ನುವ ಆ ಕ್ಷಣ ಯಾವುದೆಂದು ನಮ್ಮ ಶೆಡ್ಡಿನಲ್ಲಿ ಗೊತ್ತಾಗುತ್ತಿದ್ದುದು ಅಣ್ಣನಿಗೆ. ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು, ಮಾಲೀಕರೂ ಸೇರಿ. ಮಾಗಡಿ ಕಡೆಯವರು, ಐವತ್ತು ದಾಟಿದವರು. ಯಂತ್ರದಲ್ಲಿದ್ದ ಟೈಮರ್ ನಾನು ಸೇರುವ ಮೊದಲೇ ಕೆಟ್ಟಿತ್ತು, ಅದನ್ನು ಸರಿಮಾಡಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ. ಅಣ್ಣ ಬಲಗೈ ಅಂಗೈಯನ್ನು ತಾಮ್ರ ಹಿಡಿದ ಹಿಡಿಕೆಯ ಮೇಲೆ ಚಪ್ಪಟೆಯಾಗಿ ಇಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಲೋಹದ ಒರಟು ನಡುಕ ಸಣ್ಣಗಾಗುತ್ತಾ ಬಂದು ಒಂದು ಹಂತದಲ್ಲಿ ನುಣುಪಾಗುತ್ತದಂತೆ. ಆಗ ಎಡಗೈಯಿಂದ, ಸುತ್ತುವುದನ್ನು ನಿಲ್ಲಿಸುವ ಲಿವರ್ ಎಳೆಯುತ್ತಿದ್ದರು.

ಅವರು ಬೆಸೆದದ್ದರಲ್ಲಿ ಇಂತಿಷ್ಟಕ್ಕೊಂದರಂತೆ ಆರಿಸಿ ನಾನು ಮೇಜಿನ ವೈಸಿನ ದವಡೆಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆದು ಬಗ್ಗಿಸುತ್ತಿದ್ದೆ. ಬೆಸೆದ ಜಾಗದಲ್ಲೇ ಬಿಟ್ಟುಕೊಂಡರೆ ಫೇಲ್. ಬೆಸುಗೆ ಹಾಗೇ ಇದ್ದು ಪಕ್ಕದ ಅಲ್ಯೂಮಿನಿಯಂ ಹರಿದರೆ ಪಾಸ್. ಹೊಡೆದ ಮೇಲೆ ಅಣ್ಣನ ಕಡೆ ತಿರುಗುತ್ತಿದ್ದೆ.

"ಏನಮ್ಮ, ಎಲ್ ಹರೀತು?"

"ಅಲ್ಯೂಮಿನಿಯಂನಲ್ಲೇ ಅಣ್ಣ."

"ನೋಡು, ಸಂಬಂಧ ಅಂದ್ರೆ ಹಂಗಿರ್ಬೇಕು. ನಿಮ್ಮಪ್ಪಂಗೆ ಹೇಳು, ಜಾತಕ ಗೀತಕ ಎಲ್ಲಾ ಬ್ಯಾಡ. ಹುಡುಗನ್ನ ಇಲ್ಲಿಗ್ ಕರ್ಕೊಂಬಂದು ವೈಸ್‌ಗೆ ಹಾಕಿ ಒಂದ್ಸಲ ಬಗ್ಗಿಸ್ಬಿಡೋಣ."

"ಮುರಿದೋದ್ರೆ?"

"ಮುರಿದ್ರೆ ಸ್ಕ್ರ್ಯಾಪು. ಇನ್ನೊಬ್ಬನ್ನ ತರೋದು."

ನಾನು ಏನು ಹೇಳಿದರೂ ಅವರಿಗೆ ತಿಳಿಯುತ್ತಿತ್ತು. ಅವರು ನೋಡುತ್ತಿದ್ದುದು ನನ್ನ ತುಟಿಗಳನ್ನು ಎಂಬುದು ಎಷ್ಟೋ ತಿಂಗಳು ನನಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಯಂತ್ರಗಳು ಓಡುತ್ತಿದ್ದಾಗ ಅಲ್ಲಿ ಎಲ್ಲರೂ ಕಿವುಡರೇ. ಎದುರು ಬಂದು, ಕಣ್ಣಿಗೆ ಕಣ್ಣು ಕೊಟ್ಟು, ಬಾಯಿ ಅಗಲಿಸಿ, ಕೈ ಆಡಿಸಿಯೇ ಮಾತಾಡುತ್ತಿದ್ದೆವು. ಆ ಸದ್ದಿನೊಳಗೆ ಅವರ ಕಿವುಡು ಆರಾಮಾಗಿ ಅಡಗಿ ಕೂತಿತ್ತು. ಅವರು ಹೆದರುತ್ತಿದ್ದುದು ನಿಶ್ಶಬ್ದಕ್ಕೆ. ಕರೆಂಟು ಹೋದ ಕೂಡಲೇ ಅಣ್ಣ ಟೀ ಅಂಗಡಿಗೆ ಹೊರಟುಬಿಡುತ್ತಿದ್ದರು. "ಕರೆಂಟ್ ಹೋಗೋಕೆ ಮುಂಚೆನೇ ಅಣ್ಣಂಗೆ ಟೀ ವಾಸ್ನೆ ಬರುತ್ತೆ" ಎಂದು ಪ್ಯಾಕಿಂಗಿನ ಹೆಂಗಸರು ನಗುತ್ತಿದ್ದರು.

ಒಂದು ದಿನ ಕರೆಂಟು ಹೋಗಿ ಅವರು ಹೊರಡುವಷ್ಟರಲ್ಲಿ, ಸ್ತಬ್ಧವಾಗಿದ್ದ ಶೆಡ್ಡಿನಲ್ಲಿ, ಅವರ ಬೆನ್ನ ಹಿಂದೆಯೇ ತಾಮ್ರದ ತುಂಡುಗಳ ಟ್ರೇ ನನ್ನ ಕೈಜಾರಿ ಸಿಮೆಂಟು ನೆಲಕ್ಕೆ ಬಿತ್ತು. ಮಾಡಿನ ಪಾರಿವಾಳಗಳು ಪಟಪಟನೆ ಹಾರಿದವು. ಎಲ್ಲರೂ ಬೆಚ್ಚಿ ತಿರುಗಿದರು. ಅಣ್ಣ ಬಟ್ಟೆಯಿಂದ ಯಂತ್ರವನ್ನು ಒರೆಸುತ್ತಲೇ ಇದ್ದರು. ಒರೆಸಿ ಮುಗಿಸಿ ತಿರುಗಿದಾಗ ಮೊದಲು ನೆಲ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನನಗೆ ಗೊತ್ತಾಯಿತೆಂದು ಅವರಿಗೆ ಗೊತ್ತಾಯಿತು.

ಟೀ ಅಂಗಡಿಯ ಬಳಿ ನಾನು ಅವರ ಎದುರು ನಿಂತು ಕೇಳಿದೆ: "ಯಾವಾಗ್ನಿಂದ ಅಣ್ಣ?"

"ಎಡಗಡೇದು ಹೋಗಿ ವರ್ಷಗಟ್ಲೆ ಆಯ್ತು. ಬಲಗಡೇದು ಈಚೆಗೆ ಪೂರ್ತಿ ಮುಚ್ಕೊಂತು."

"ಕಿವಿಗೆ ಮಷೀನ್ ಹಾಕ್ಕೊಬೋದಲ್ವಾ?"

"ಹಾಕ್ಕೊಂಡ್ರೆ ಕಾಣ್ಸುತ್ತೆ. ಕಂಡ್ರೆ ಸಾರ್ ನನ್ನ ಮಷೀನಿಂದ ಇಳಿಸಿ ಪ್ಯಾಕಿಂಗ್‌ಗೆ ಕೂರಿಸ್ತಾರೆ. ಅವರದ್ದು ತಪ್ಪು ಅನ್ನಲ್ಲ, ಅವರ ಜಾಗದಲ್ಲಿದ್ರೆ ನಾನೂ ಅದೇ ಮಾಡ್ತಿದ್ದೆ." ಬಲಗೈ ಅಂಗೈಯನ್ನು ಮೇಲೆ ಮಾಡಿ ನೋಡಿಕೊಂಡರು. "ಈ ಕೈಗೆ ಬೇರೆ ಕೆಲಸ ಬರಲ್ಲ ಕಣಮ್ಮ. ಯಾರಿಗೂ ಹೇಳ್ಬ್ಯಾಡ."

ಹೇಳಲಿಲ್ಲ. ಅದರ ಬದಲು ಬುದ್ಧಿ ಉಪಯೋಗಿಸಿದೆ. ಅವರ ಯಂತ್ರದ ಮೇಲೊಂದು ಎಲ್‌ಇಡಿ ಟ್ಯೂಬು ತೂಗುತ್ತಿತ್ತು, ಅದರ ಸ್ವಿಚ್ಚು ನನ್ನ ಮೇಜಿನ ಪಕ್ಕದ ಕಂಬದ ಮೇಲಿತ್ತು. ಶೀಟಿನ ಮಾಡಿನ ಕೆಳಗೆ ಹಗಲಲ್ಲೂ ಮಬ್ಬು ಬೆಳಕೇ ಆದ್ದರಿಂದ ಟ್ಯೂಬು ಆರಿ ಹೊತ್ತಿದರೆ ಯಂತ್ರದ ಮುಂದಿರುವವರಿಗೆ ತಪ್ಪದೆ ಗೊತ್ತಾಗುತ್ತದೆ. ಒಂದು ಸಲ ಆರಿಸಿದರೆ 'ಇತ್ತ ನೋಡಿ'. ಎರಡು ಸಲ ಆರಿಸಿದರೆ 'ಕೈ ತೆಗೆದು ಯಂತ್ರ ನಿಲ್ಲಿಸಿ'. ಮೂರು ದಿನ ಅಭ್ಯಾಸ ಮಾಡಿದೆವು. ಎರಡು ಸಲ ಆರಿಸಿದರೆ ಅಣ್ಣನ ಅಂಗೈ ಹಿಡಿಕೆಯಿಂದ ಗುಬ್ಬಿಯ ಹಾಗೆ ಹಾರುತ್ತಿತ್ತು.

ಮಾಲೀಕರು ಒಮ್ಮೆ ನಿಂತು ಮೇಲೆ ನೋಡಿ, "ಅಣ್ಣ, ಈ ಟ್ಯೂಬ್‌ಗೇನೋ ದೆವ್ವ ಹಿಡಿದಿದೆ. ಯಾವಾಗ್ ನೋಡಿದ್ರೂ ಕಣ್ ಹೊಡೀತಿರುತ್ತೆ" ಅಂದರು.

"ಲೂಸ್ ಕನೆಕ್ಷನ್ ಸಾರ್. ಹಂಗೇ ಇರ್ಲಿ ಬಿಡಿ, ಅಭ್ಯಾಸ ಆಗೋಗಿದೆ" ಅಂದರು ಅಣ್ಣ.

ಈ ಜಾಣತನದ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಒಬ್ಬರ ಕೆಲಸ ಉಳಿಸಿದೆ ಎಂದುಕೊಂಡಿದ್ದೆ.

ಆ ಬೆಳಿಗ್ಗೆ ರಾಡುಗಳನ್ನು ತುಂಡು ಮಾಡುವ ಯಂತ್ರದ ಬ್ಲೇಡು ಮುರಿಯಿತು. ಹೊಸದು ಬರಲು ಮಧ್ಯಾಹ್ನವಾಗುತ್ತದೆ, ಮಾಲು ಸಂಜೆಗೆ ಹೋಗಬೇಕು. ಮಾಲೀಕರು ಬಂದು, "ಉದ್ದದ್ದೇ ಹಾಕಿ ಬೆಸೀರಿ ಅಣ್ಣ, ಆಮೇಲೆ ಕಟ್ ಮಾಡ್ಕೊಂಡ್ರಾಯ್ತು" ಅಂದರು. ಉದ್ದದ ಅಲ್ಯೂಮಿನಿಯಂ ರಾಡು ಯಂತ್ರದ ಟೊಳ್ಳು ನಡುವಿನೊಳಗೆ ತೂರಿ ಹಿಂದೆ ಒಂದು ತೋಳಿನಷ್ಟು ಹೊರಗೆ ಚಾಚಿಕೊಂಡಿತ್ತು, ಕೆಳಗೆ ಯಾವ ಆಸರೆಯೂ ಇಲ್ಲದೆ. ಹಾಗೆ ಚಾಚಿದ ರಾಡು ಜೋರಾಗಿ ಸುತ್ತಿದರೆ ಚಾಟಿಯಂತೆ ಬೀಸುತ್ತದೆಂದು ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ.

"ಸಾರ್, ಹಿಂದ್ಗಡೆ ಸಪೋರ್ಟ್ ಬೇಡ್ವಾ?"

"ನಾಲ್ಕು ಪೀಸ್ ನೋಡಣ ಇರಮ್ಮ. ಬೇಕು ಅನ್ಸಿದ್ರೆ ಒಂದು ಸ್ಟ್ಯಾಂಡ್ ಮಾಡ್ಸಣ."

ನಾಲ್ಕೂ ಸರಿಯಾಗಿ ಬಂದವು. ಒಂದನ್ನು ನಾನೇ ಬಗ್ಗಿಸಿ ನೋಡಿದೆ, ಅಲ್ಯೂಮಿನಿಯಂ ಹರಿಯಿತು. ಮಾಲೀಕರು ಫೋನು ಹಿಡಿದು ಹೊರಗೆ ಹೋದರು. ಸ್ಟ್ಯಾಂಡಿನ ಮಾತು ಅಲ್ಲಿಗೇ ಬಿಟ್ಟುಹೋಯಿತು. ನಾನೂ ಮತ್ತೆ ಎತ್ತಲಿಲ್ಲ.

ಐದನೆಯದರ ಹೊತ್ತಿಗೆ ನಾನು ತಲೆಯೆತ್ತಿದ್ದು ಯಾಕೆಂದು ಗೊತ್ತಿಲ್ಲ. ಸದ್ದು ಬದಲಾಗಿರಬೇಕು. ನನ್ನ ಸ್ಟೂಲಿನಿಂದ ಯಂತ್ರದ ಹಿಂಭಾಗ ಕಾಣುತ್ತದೆ, ಅಣ್ಣ ನಿಲ್ಲುವ ಕಡೆಯಿಂದ ಕಾಣುವುದಿಲ್ಲ. ರಾಡಿನ ತುದಿ ದಪ್ಪವಾದಂತೆ ತೋರಿತು, ಮೀಟಿದ ತಂತಿ ಎರಡಾಗಿ ಕಾಣುವ ಹಾಗೆ. ನೋಡುತ್ತಿದ್ದಂತೆ ಅದು ಗಾಳಿಯಲ್ಲಿ ನಿಂಬೆಹಣ್ಣಿನಷ್ಟು ಸುತ್ತು ಬರೆಯಿತು. ಆಮೇಲೆ ಊಟದ ತಟ್ಟೆಯಷ್ಟು.

ನಾನು ಎದ್ದು ನಿಂತು ಕೂಗಿದೆ. "ಅಣ್ಣಾ!"

ಅವರು ಬಗ್ಗಿ ಬೆಸುಗೆಯ ಬಳೆಯನ್ನೇ ನೋಡುತ್ತಿದ್ದರು. ಬಲ ಅಂಗೈ ಹಿಡಿಕೆಯ ಮೇಲಿತ್ತು. ಆ ಹೊಸ ನಡುಕ ಅಂಗೈಗೆ ತಲುಪಿತ್ತು, ಅದು ನನಗೆ ಖಂಡಿತ ಗೊತ್ತು. ಯಾಕೆಂದರೆ ಅವರ ಹುಬ್ಬು ಸ್ವಲ್ಪ ಗಂಟಿಕ್ಕಿತು, ಮತ್ತು ಅವರು ಅಂಗೈಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದರು. ಸರಿಯಾಗಿ ಕೇಳಿಸದಿದ್ದಾಗ ನಾವು ಕಿವಿಯನ್ನು ಹತ್ತಿರ ಒಯ್ಯುತ್ತೇವಲ್ಲ, ಹಾಗೆ.

ಮತ್ತೆ ಕೂಗಿದೆ. ಆ ಕೂಗು ಮುಗಿಯುವ ಮೊದಲೇ ಹಿಂದಿನ ರಾಡು ಮಡಿಚಿಕೊಂಡು ನೆಲಕ್ಕೆ ಬಡಿಯಿತು. ಯಂತ್ರ ಇಡಿಯಾಗಿ ನೆಗೆಯಿತು. ಮುಂದಿನ ಹಿಡಿತ ಬಿಟ್ಟುಕೊಂಡು ರಾಡಿನ ತುದಿ ಹೊರಗೆ ಹಾರಿತು. ಅದು ಹಾರಿದ ದಾರಿಯಲ್ಲಿ ಅವರ ಕೈಯಿತ್ತು.

ಮುಂದಿನದನ್ನು ನಾನು ಬರೆಯುವುದಿಲ್ಲ. ಮಾಲೀಕರೇ ಕಾರಿನಲ್ಲಿ ಕರೆದೊಯ್ದರು, ನಾನು ಹಿಂದಿನ ಸೀಟಿನಲ್ಲಿ ಅಣ್ಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಬಲಗೈ ಮಣಿಕಟ್ಟಿನಿಂದ ಮುಂದೆ ಉಳಿಯಲಿಲ್ಲ.

ಮರುದಿನದಿಂದಲೇ ನನ್ನ ಕೂಗು ಹೆಸರುವಾಸಿಯಾಯಿತು. ಪೌಡರ್ ಕೋಟಿಂಗಿನವರು, ರಟ್ಟಿನ ಡಬ್ಬದವರು, ಟೀ ಅಂಗಡಿಯವರು, ಎಲ್ಲರಿಗೂ ಕೇಳಿಸಿತ್ತಂತೆ. "ಎಂಥಾ ಕೂಗು ಕೂಗಿದ್ಲಪ್ಪ ಆ ಹುಡುಗಿ, ರೋಡಿಗೇ ಬಂತು" ಎಂದು ಪ್ಯಾಕಿಂಗಿನ ಹೆಂಗಸೊಬ್ಬರು ಹೇಳುತ್ತಾ ನನ್ನ ಬೆನ್ನು ಸವರಿದರು. "ನೀನ್ ಮಾಡೋದೆಲ್ಲಾ ಮಾಡ್ದೆ ಕಣವ್ವ. ಅಣ್ಣನ ಹಣೇಲಿ ಬರೆದಿತ್ತು." ಅಪಘಾತದ ವರದಿ ಬರೆಯುವವರು ಯಾರು? ಅಲ್ಲಿ ಇಂಗ್ಲಿಷಿನಲ್ಲಿ ಬರೆಯಬಲ್ಲವಳು ನಾನು. ಪಕ್ಕದಲ್ಲಿದ್ದವರು ಕೂಗಿ ಎಚ್ಚರಿಸಿದರು, ಯಂತ್ರ ಸದ್ದು ಮಾಡುತ್ತಿತ್ತು, ಆಪರೇಟರಿಗೆ ಕೇಳಿಸಲಿಲ್ಲ ಎಂದು ಬರೆದೆ. ಒಂದು ಅಕ್ಷರವೂ ಸುಳ್ಳಲ್ಲ. ಅವರ ಕಿವಿಯ ವಿಷಯ ಬರೆದರೆ ತಪ್ಪೆಲ್ಲ ಅವರ ತಲೆಗೆ ಬರುತ್ತದೆ, ಸಿಗಬೇಕಾದ ಪರಿಹಾರವೂ ಸಿಗದೆ ಹೋಗಬಹುದು. ಆ ಭಯ ನಿಜವಾದದ್ದು. ಆದರೆ ಕಿವಿಯ ವಿಷಯ ಬರೆಯದೆ ಸ್ವಿಚ್ಚಿನ ವಿಷಯ ಬರೆಯುವಂತಿರಲಿಲ್ಲ, ಅದೂ ನಿಜ. ಅವರ ಗುಟ್ಟಿನ ನೆರಳಿನಲ್ಲಿ ನನ್ನ ತಪ್ಪು ಬಚ್ಚಿಟ್ಟುಕೊಂಡಿತು. ಮಾಲೀಕರು ಓದಿ, ಕಣ್ಣೊರೆಸಿಕೊಂಡು ಸಹಿ ಮಾಡಿದರು.

ನಾನು ಇಂದಿಗೂ ಆ ಕ್ಷಣಗಳನ್ನು ಸುತ್ತಿಸಿ ಸುತ್ತಿಸಿ ನೋಡುತ್ತೇನೆ. ನಿಂಬೆಹಣ್ಣಿನಿಂದ ತಟ್ಟೆಯವರೆಗೆ ಎಷ್ಟು ಹೊತ್ತು? ಎರಡು ಸಲ ಕೂಗುವಷ್ಟು ಹೊತ್ತು. ಸ್ವಿಚ್ಚು ಒತ್ತಿ ಟ್ಯೂಬನ್ನು ಎರಡು ಸಲ ಆರಿಸಲು ಅದರ ಅರ್ಧ ಸಾಕು. ಬಸವೇಶ್ವರನಗರದ ಸಿಗ್ನಲ್ಲಿನಲ್ಲಿ ನಿಂತಾಗ, ತಲೆ ಬಾಚುವಾಗ, ನನ್ನ ಬಲಗೈ ತಾನಾಗಿ ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಈಗ ಹೊಸ ಯಂತ್ರ ಬಂದಿದೆ, ಟೈಮರ್ ಇದೆ, ಸುತ್ತ ಜಾಲರಿ ಇದೆ, ಹಿಂದೆ ಸ್ಟ್ಯಾಂಡೂ ಇದೆ. ಹೊಸ ಆಪರೇಟರ್ ಕೆಲಸ ಶುರು ಮಾಡುವ ಮೊದಲು ದಿನವೂ ನಾನು ಆ ಟ್ಯೂಬನ್ನು ಎರಡು ಸಲ ಆರಿಸಿ ಹೊತ್ತಿಸುತ್ತೇನೆ.

"ಮೇಡಂ, ನಂಗ್ ಕಿವಿ ಕೇಳ್ಸುತ್ತೆ ಮೇಡಂ. ಕರೆದ್ರೆ ಸಾಕು" ಎಂದು ಅವನು ನಗುತ್ತಾನೆ. ಅವನಿಗಾಗಿ ಅಲ್ಲ, ನನ್ನ ಕೈಗೆ ರೂಢಿಯಾಗಲಿ ಎಂದು ಹೇಗೆ ಹೇಳುವುದು?

ಎರಡು ತಿಂಗಳು ಕಳೆದ ಮೇಲೆ ಅಣ್ಣನ ಮನೆಗೆ ಹೋದೆ. ಆಸ್ಪತ್ರೆಯಲ್ಲಿ ಸುತ್ತ ಜನರಿದ್ದರು, ಹೇಳಲು ಆಗಿರಲಿಲ್ಲ. ಕೆಂಗೇರಿ ಉಪನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಮೆಟ್ರೊ ಇಳಿದು ನಡೆಯುವಾಗ ಹೇಳಬೇಕಾದ ಮೂರು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡೆ. ಬಾಗಿಲ ಪಕ್ಕದ ಬೆಲ್ ಒತ್ತಿದೆ. ಸದ್ದು ಬರಲಿಲ್ಲ. ಕಿಟಕಿಯ ಪರದೆಯ ಹಿಂದೆ ಒಂದು ಬಲ್ಬು ಹೊತ್ತಿ ಆರಿತು.

ಬಾಗಿಲು ತೆಗೆದವರು ಅವರ ಹೆಂಡತಿ, ಗದಗಿನ ಕಡೆಯವರು. "ಬರ್ರಿ ಬರ್ರಿ. ಅವತ್ತ ಕೂಗಿದ ಹುಡುಗಿ ನೀವಽ ಅಲ್ರೀ? ದವಾಖಾನ್ಯಾಗ ನೋಡಿದ್ನಿ, ಗುರ್ತ ಹತ್ತಿರಲಿಲ್ಲ. ಬಲ್ಬ್ ನೋಡಿದ್ರೇನು? ಅಲ್ಲಿ ಫ್ಯಾಕ್ಟರ್ಯಾಗ ಹಿಂಗಽ ಐತಿ ಅಂತ ಇವರಽ ಮಾಡಿಸಿದ್ರು. ಕುಂದರ್ರಿ, ಊಟ ಮಾಡ್ಕೊಂಡಽ ಹೋಗಬೇಕು."

ಅಣ್ಣ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತುಂಬುತೋಳಿನ ಅಂಗಿ, ಬಲತೋಳಿನ ತುದಿಯನ್ನು ಒಳಗೆ ಮಡಿಚಿ ಪಿನ್ನು ಹಾಕಿತ್ತು. ನನ್ನನ್ನು ನೋಡಿ ನಕ್ಕರು. "ಏನಮ್ಮ, ಹುಡುಗ ಸಿಕ್ಕಿದ್ನಾ? ಬಗ್ಗಿಸಿ ನೋಡಿದ್ಯಾ?"

"ಇಲ್ಲಣ್ಣ."

"ಹೊಸಾ ಮಷೀನು ಹೆಂಗ್ ಬೆಸೀತದೆ? ಎಲ್ ಹರೀತದೆ?"

"ಅಲ್ಯೂಮಿನಿಯಂನಲ್ಲೇ."

"ಒಳ್ಳೇದಾಯ್ತು" ಅಂದರು. ಎಡಗೈಯಿಂದ ಮಡಿಚಿದ ತೋಳಿನ ಪಿನ್ನನ್ನು ಸರಿಮಾಡಿಕೊಂಡರು.

ಅವರ ಹೆಂಡತಿ ಅಡುಗೆಮನೆಗೆ ಹೋದರು. ನಾನು ಕುರ್ಚಿಯನ್ನು ಅವರೆದುರಿಗೆ ಎಳೆದುಕೊಂಡು, ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಕೂತು, ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದೆ. "ಅಣ್ಣ, ಸ್ವಿಚ್ಚು ನನ್ ಪಕ್ಕದಲ್ಲೇ ಇತ್ತು. ನಾನು ಒತ್ತಲಿಲ್ಲ. ಬರೀ ಕೂಗ್ದೆ."

ಅವರು ನನ್ನ ತುಟಿಗಳನ್ನು ನೋಡಿದರು. ಮಾತು ಮುಗಿದ ಮೇಲೂ ನೋಡುತ್ತಲೇ ಇದ್ದರು. ಅರ್ಥವಾಗಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಲು ಬಾಯಿ ತೆರೆದೆ. ಅವರು ಎಡಗೈ ಎತ್ತಿ ತಡೆದರು.

"ಕೇಳಿಸ್ತು ಕಣಮ್ಮ."

"ಈಗ ಹೇಳಿದ್ದಾ?"

"ಅವತ್ತು ಕೂಗಿದ್ದು. ನಂಗೆ ಕೇಳಿಸ್ತು. ಕೈ ತೆಗೆಯೋದ್ರೊಳಗೆ ಆಗೋಯ್ತು. ಲೇಟಾಗಿದ್ದು ನಾನು, ನೀನಲ್ಲ."

ಕೈ ತೆಗೆಯಲು ಹೊರಟವರು ಯಾರಾದರೂ ಅಂಗೈಯನ್ನು ಗಟ್ಟಿಯಾಗಿ ಒತ್ತುತ್ತಾರೆಯೇ? ಆದರೂ ಯಾವುದೋ ಆಸೆಯಿಂದ ಕೇಳಿಬಿಟ್ಟೆ. "ಏನಂತ ಕೂಗಿದೆ ಅಣ್ಣ ನಾನು?"

"ಅಣ್ಣಾ ಅಂತ. ಇನ್ನೇನಂತ ಕೂಗ್ತೀಯ?"

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಆ ಚಿಕ್ಕ ಮನೆಯಲ್ಲಿ ಅದು ಕಿವಿಯೊಳಗೇ ಚುಚ್ಚಿದಂತಿತ್ತು, ನಾನು ಕುರ್ಚಿಯಲ್ಲೇ ಬೆಚ್ಚಿಬಿದ್ದೆ. ಅಣ್ಣನ ರೆಪ್ಪೆ ಅಲುಗಲಿಲ್ಲ. ನಾನು ಯಾಕೆ ಬೆಚ್ಚಿದೆನೆಂದು ಅವರಿಗೆ ತಿಳಿದಿರಲಿಲ್ಲ. ಅದು ಮತ್ತೊಮ್ಮೆ ಕೂಗಿತು. ಅವರು ಹಾಗೆಯೇ ಮುಂದಕ್ಕೆ ಬಾಗಿ, ನಾನು ಏನು ಹೇಳುತ್ತೇನೋ ಎಂದು ನನ್ನ ಬಾಯನ್ನೇ ನೋಡುತ್ತಾ ಕೂತಿದ್ದರು.

ಮೂರನೆಯ ಕೂಗು ಅಡಗುವವರೆಗೆ ಕಾದೆ. ಆಮೇಲೆ ಅವರಿಗೆ ಕಾಣುವ ಹಾಗೆ ಹೇಳಿದೆ. "ಹೌದಣ್ಣ. ಅಣ್ಣಾ ಅಂತಲೇ ಕೂಗಿದ್ದು."